ಇಂಟೆಲಿಜೆನ್ಸ್ 8 ಅಂದರೆ ದಡ್ಡ ಅಲ್ಲ: 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ವಿಮರ್ಶೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಅದರ ಪಾತ್ರದ ಹಾಳೆಯಲ್ಲಿ ಆರು ಸ್ಕೋರ್‌ಗಳಿರುತ್ತವೆ. ಸ್ಟ್ರೆಂಗ್ತ್ (ಬಲ), ಡೆಕ್ಸ್ಟೆರಿಟಿ (ಚುರುಕು), ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) ಈ ಮೂರರಲ್ಲಿ ತಲೆನೋವಿಲ್ಲ. ಬಾಗಿಲು ಮುರಿಯಬೇಕಾದರೆ ಆಟಗಾರ ಎದ್ದು ಬಾಗಿಲು ಒದೆಯಬೇಕಾಗಿಲ್ಲ, ದಾಳ ಉರುಳಿಸಿದರೆ ಸಾಕು. ತೊಡಕು ಇರುವುದು ಇಂಟೆಲಿಜೆನ್ಸ್ (ಬುದ್ಧಿ), ವಿಸ್ಡಮ್ (ವಿವೇಕ), ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಇವುಗಳಲ್ಲಿ. ಇಲ್ಲಿ ಸ್ಕೋರ್ ಪಾತ್ರದ್ದು, ಆದರೆ ಯೋಚಿಸುವ ತಲೆ ಮತ್ತು ಮಾತಾಡುವ ಬಾಯಿ ಆಟಗಾರನವು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆವೃತ್ತಿಯಲ್ಲೇ ಈ ಮೂರೂ ಇದ್ದವು, ತೊಡಕೂ ಅಂದಿನದೇ. ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಂದ 384 ಪುಟಗಳ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಟಗಾರರ ನಿಯಮ ಪುಸ್ತಕ, ಇದನ್ನು ಎಷ್ಟರಮಟ್ಟಿಗೆ ಬಿಡಿಸುತ್ತದೆ ಅನ್ನುವುದಷ್ಟೇ ಈ ವಿಮರ್ಶೆಯ ವಿಷಯ. ಮಂತ್ರಗಳ ಪಟ್ಟಿ, ಚಿತ್ರಗಳು, ಬೈಂಡಿಂಗ್ ಬಗ್ಗೆ ಇಲ್ಲಿ ಮಾತಿಲ್ಲ.

ಮೊದಲು ಒಳ್ಳೆಯದು. 2014ರ ಪುಸ್ತಕದಲ್ಲಿ ಸ್ವಭಾವ, ಆದರ್ಶ, ಬಂಧ, ದೌರ್ಬಲ್ಯ ಎಲ್ಲವೂ ಪಾತ್ರದ ಹಿನ್ನೆಲೆಗೆ ಅಂಟಿಕೊಂಡಿದ್ದವು. ಸ್ಕೋರ್‌ಗೂ ಸ್ವಭಾವಕ್ಕೂ ನಂಟು ಕಲ್ಪಿಸಿದ್ದು ಬರೀ ಕೆಲವು ವಾಕ್ಯಗಳಲ್ಲಿ. ಹೊಸ ಪುಸ್ತಕದಲ್ಲಿ ಪ್ರತಿ ಸ್ಕೋರ್‌ಗೂ ಹೆಚ್ಚಿದ್ದರೆ ಹೇಗೆ, ಕಡಿಮೆಯಿದ್ದರೆ ಹೇಗೆ ಎಂದು ನಾಲ್ಕು ನಾಲ್ಕು ಗುಣಗಳ ಕೋಷ್ಟಕ ಇದೆ. ನಾಲ್ಕು ಮುಖದ ದಾಳ ಉರುಳಿಸಿ ಒಂದನ್ನು ಆರಿಸಿಕೊಳ್ಳಬಹುದು. ವಿಸ್ಡಮ್ ಕಡಿಮೆಯಿದ್ದವನು ದುಡುಕಿನವನೋ, ಗಮನ ಚದುರಿದವನೋ, ಸುತ್ತಲಿನ ಪರಿವೆಯೇ ಇಲ್ಲದವನೋ, ಮುಗ್ಧನೋ ಆಗಬಹುದು. ಕರಿಸ್ಮಾ ಕಡಿಮೆಯಿದ್ದರೆ ಎಲ್ಲದರಲ್ಲೂ ತಪ್ಪು ಹುಡುಕುವ ಪಂಡಿತ, ನಗಲು ಬಾರದವನು, ಮಿತಭಾಷಿ, ಅಥವಾ ಎಲ್ಲಿ ಏನು ಹೇಳಬೇಕೆಂದು ತಿಳಿಯದವನು.

ಕರಿಸ್ಮಾದ ಈ ಪಟ್ಟಿ ನಿಜಕ್ಕೂ ಚೆನ್ನಾಗಿದೆ. ಕರಿಸ್ಮಾ 8 ಅಂದ ಕೂಡಲೇ ಕುರೂಪಿ, ಕೊಳಕ ಎಂದು ಆಡುವ ಹಳೆಯ ಚಾಳಿಗೆ ಇದು ನೇರ ಮದ್ದು. ಎರಡು ಕೋಷ್ಟಕಗಳನ್ನು ಕೂಡಿಸಿದರೆ ಇನ್ನೂ ಒಳ್ಳೆಯದು. ಹೆಚ್ಚಿನ ಇಂಟೆಲಿಜೆನ್ಸ್‌ನ ತರ್ಕಬದ್ಧತೆಯ ಜೊತೆ ಕಡಿಮೆ ಕರಿಸ್ಮಾದ ತಪ್ಪು ಹುಡುಕುವ ಗುಣ ಸೇರಿಸಿ. ಒಬ್ಬ ವಿಝರ್ಡ್ (ಮಂತ್ರವಾದಿ) ತಾನೇ ತಾನಾಗಿ ಎದ್ದು ಕೂರುತ್ತಾನೆ.

ಇಂಟೆಲಿಜೆನ್ಸ್‌ನ ಕೋಷ್ಟಕ ಮಾತ್ರ ಸಪ್ಪೆ. ಅದರ ಕಡಿಮೆ ಸಾಲಿನಲ್ಲಿ ಕೆಲಸಕ್ಕೆ ಬರುವುದು ‘ವಿಷಯ ಗೊತ್ತಿಲ್ಲದವನು’ ಅನ್ನುವುದೊಂದೇ. ಪುಸ್ತಕದ ದೊಡ್ಡ ಕೊರತೆಯೂ ಇಲ್ಲಿಂದಲೇ ಶುರು: ಕಡಿಮೆ ಅಂದರೆ ಎಷ್ಟು ಕಡಿಮೆ ಅನ್ನುವ ಅಳತೆಯನ್ನು ಅದು ಆಟಗಾರನ ಕೈಗೆ ಕೊಡುವುದಿಲ್ಲ. 6 ಇದ್ದವನೂ 9 ಇದ್ದವನೂ ಒಂದೇ ಪಟ್ಟಿಯಿಂದ ಗುಣ ಆರಿಸಿಕೊಳ್ಳುತ್ತಾರೆ.

ಆ ಅಳತೆಯನ್ನು ನಾವೇ ಹಾಕಿಕೊಳ್ಳಬೇಕು, ಕಷ್ಟವೇನಲ್ಲ. ಸ್ಕೋರ್‌ನಿಂದ 10 ಕಳೆದು, ಅರ್ಧ ಮಾಡಿ, ಕೆಳಕ್ಕೆ ಇಳಿಸಿದರೆ ಮಾಡಿಫೈಯರ್, ಅಂದರೆ ದಾಳದ ಅಂಕಕ್ಕೆ ಕೂಡಿಸುವ ಸಂಖ್ಯೆ, ಸಿಗುತ್ತದೆ. 8ಕ್ಕೆ ಮೈನಸ್ 1. ಪಾತ್ರದ ಪ್ರಯತ್ನ ಫಲಿಸಿತೇ ಎಂದು ನೋಡಲು ಉರುಳಿಸುವ ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕ ಅಂದರೆ ನೂರಕ್ಕೆ 5. ಅಂದರೆ 8 ಇದ್ದವನಿಗೂ 10 ಇದ್ದವನಿಗೂ ವ್ಯತ್ಯಾಸ ಕಾಣುವುದು ಇಪ್ಪತ್ತು ಸಲದಲ್ಲಿ ಒಂದು ಸಲ. ಇನ್ನೊಂದು ಕಡೆಯಿಂದ ನೋಡಿ: ಸ್ಕೋರ್‌ಗಾಗಿ ಮೂರು ಆರುಮುಖದ ದಾಳ ಉರುಳಿಸಿದಾಗ 216 ಸಾಧ್ಯತೆಗಳಲ್ಲಿ 56ರಲ್ಲಿ 8 ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ, ಸುಮಾರು ನೂರಕ್ಕೆ 26. ದಾಳದ ಲೆಕ್ಕದಲ್ಲಿ ನಾಲ್ಕರಲ್ಲಿ ಒಬ್ಬ ಇಂಥವನೇ. ಅವನು ಜಗಲಿಯ ಮೇಲೆ ಕೂತು ಜೊಲ್ಲು ಸುರಿಸುವುದಿಲ್ಲ. ಸಂಸಾರ ನಡೆಸುತ್ತಾನೆ, ವ್ಯಾಪಾರ ಮಾಡುತ್ತಾನೆ, ಓದಿದ್ದನ್ನು ಬೇಗ ಮರೆಯುತ್ತಾನೆ ಅಷ್ಟೆ. ದಾಳದ ಬದಲು ಸ್ಟ್ಯಾಂಡರ್ಡ್ ಅರೇ (ಮೊದಲೇ ಗೊತ್ತುಮಾಡಿದ ಆರು ಸ್ಕೋರ್‌ಗಳು) ಬಳಸುವ ಪ್ರತಿಯೊಬ್ಬರೂ 15, 14, 13, 12, 10, 8 ಹಂಚುವಾಗ ಆ 8 ಅನ್ನು ಎಲ್ಲಾದರೂ ಇಡಲೇಬೇಕು, ಫೈಟರ್‌ಗಳು (ಯೋಧ ಪಾತ್ರಗಳು) ಸಾಮಾನ್ಯವಾಗಿ ಇಡುವುದು ಇಂಟೆಲಿಜೆನ್ಸ್‌ನಲ್ಲಿ. ಹಾಗೆ ಇಟ್ಟ ಮಾತ್ರಕ್ಕೆ ತೊದಲು ಮಾತಾಡಿಸಿ, ಕತ್ತಿಯ ಯಾವ ತುದಿ ಹಿಡಿಯಬೇಕೆಂದು ಕೇಳಿಸುವುದು ಸ್ಕೋರ್ ಹೇಳುವುದಲ್ಲ, ಆಟಗಾರ ಹೊರಗಿನಿಂದ ತಂದು ಹೇರಿದ್ದು. ಅಂಥ ಪಾತ್ರ ಎರಡನೇ ಸೆಷನ್‌ಗೇ ಎಲ್ಲರಿಗೂ ಬೇಸರ ತರುತ್ತದೆ.

ಮೂರೂ ಸ್ಕೋರ್‌ಗಳು ಬೇರೆ ಬೇರೆ ಅನ್ನುವುದಕ್ಕೆ ಆಟದ ತೋಳವೇ ಸಾಕ್ಷಿ: ಇಂಟೆಲಿಜೆನ್ಸ್ 3, ವಿಸ್ಡಮ್ 12. ಅದಕ್ಕೆ ಲೆಕ್ಕ ಬರುವುದಿಲ್ಲ, ಹೊಂಚುಹಾಕಿದವನ ವಾಸನೆ ಮಾತ್ರ ತಪ್ಪುವುದಿಲ್ಲ. ಇಂಟೆಲಿಜೆನ್ಸ್ ಅಂದರೆ ನೆನಪು ಮತ್ತು ತರ್ಕ. ವಿಸ್ಡಮ್ ಅಂದರೆ ಈಗ, ಇಲ್ಲಿ ನಡೆಯುತ್ತಿರುವುದನ್ನು ಗ್ರಹಿಸುವುದು. ಕರಿಸ್ಮಾ ಅಂದರೆ ನಿಮ್ಮ ಮಾತು ಎದುರಿನವರ ಮೇಲೆ ಬೀಳುವ ಭಾರ.

ಒಂದು ಸನ್ನಿವೇಶದಲ್ಲಿಟ್ಟು ನೋಡಿ. ಪಾಳುಬಿದ್ದ ಗುಡಿಯ ಬಾಗಿಲು, ಗೋಡೆಯ ಮೇಲೆ ಹಳೆಯ ಲಿಪಿ, ನೆಲದ ತುಂಬ ದೂಳು. ಕಾವಲಿನವನು “ಒಳಗೆ ಯಾರೂ ಇಲ್ಲ, ಹೋಗಿ” ಅನ್ನುತ್ತಾನೆ. ಇಂಟೆಲಿಜೆನ್ಸ್ 8, ವಿಸ್ಡಮ್ 14 ಇರುವ ಫೈಟರ್ ಲಿಪಿಯತ್ತ ತಿರುಗಿಯೂ ನೋಡುವುದಿಲ್ಲ. ದೂಳಿನಲ್ಲಿ ಹೊಸ ಹೆಜ್ಜೆ ಇದೆಯೇ, ಕಾವಲಿನವನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ಆಟ ನಡೆಸುವ ಡಂಜನ್ ಮಾಸ್ಟರ್‌ನನ್ನು ಕೇಳುತ್ತಾನೆ. ಅವನ ಮಾತು ಇಷ್ಟೇ: “ಇವನು ಸುಳ್ಳು ಹೇಳ್ತಿದಾನೆ. ಯಾಕೆ ಅಂತ ನನಗೆ ಗೊತ್ತಿಲ್ಲ.” ಇಂಟೆಲಿಜೆನ್ಸ್ 16, ವಿಸ್ಡಮ್ 8 ಇರುವ ವಿಝರ್ಡ್ ಲಿಪಿ ಯಾವ ಕಾಲದ್ದು, ಯಾವ ದೇವರದ್ದು ಎಂದು ಕೇಳುತ್ತಾನೆ, ಉತ್ತರ ಸಿಕ್ಕಿದ್ದನ್ನು ಕಾವಲಿನವನಿಗೇ ಉತ್ಸಾಹದಿಂದ ವಿವರಿಸುತ್ತಾನೆ. ಇಬ್ಬರೂ ದಡ್ಡರಲ್ಲ. ವ್ಯತ್ಯಾಸ ಇರುವುದು ಅವರು ಕೇಳುವ ಪ್ರಶ್ನೆಯಲ್ಲಿ. ಕಡಿಮೆ ಸ್ಕೋರ್ ಅನ್ನು ಧ್ವನಿಯಲ್ಲಿ ತೋರಿಸುವುದಕ್ಕಿಂತ, ಪಾತ್ರ ಯಾವ ಪ್ರಶ್ನೆ ಕೇಳುವುದೇ ಇಲ್ಲ ಅನ್ನುವುದರಲ್ಲಿ ತೋರಿಸುವುದು ಎಷ್ಟೋ ಮೇಲು. ಈ ಮಾತನ್ನು ಪುಸ್ತಕ ಎಲ್ಲಾದರೂ ಅರ್ಧ ಪುಟದಲ್ಲಿ ಬಿಡಿಸಿ ಹೇಳಿದ್ದರೆ ಹೊಸಬರಿಗೆ ಬಹಳ ಉಪಕಾರವಾಗುತ್ತಿತ್ತು.

ಹಾಗೆಂದು ಪುಸ್ತಕ ಸುಮ್ಮನೆ ಕೂತಿಲ್ಲ. ನಿಯಮಗಳ ಭಾಗದಲ್ಲಿ ಈ ಮೂರು ಸ್ಕೋರ್‌ಗಳಿಗೆ ಹೊಂದುವ ಮೂರು ಆ್ಯಕ್ಷನ್‌ಗಳನ್ನು, ಅಂದರೆ ಪಾತ್ರ ಮಾಡಬಹುದಾದ ಕೆಲಸಗಳನ್ನು, ಸ್ಪಷ್ಟವಾಗಿ ಹೆಸರಿಸಿದೆ: ಸ್ಟಡಿ (ಯೋಚಿಸಿ ಅರಿಯುವುದು), ಸರ್ಚ್ (ಗಮನಿಸಿ ಹುಡುಕುವುದು), ಇನ್‌ಫ್ಲುಯೆನ್ಸ್ (ಎದುರಿನವರನ್ನು ಒಪ್ಪಿಸುವುದು). ಸ್ಟಡಿಗೆ ಇಂಟೆಲಿಜೆನ್ಸ್, ಸರ್ಚ್‌ಗೆ ವಿಸ್ಡಮ್, ಇನ್‌ಫ್ಲುಯೆನ್ಸ್‌ಗೆ ಕರಿಸ್ಮಾ. ಪ್ರಾಣಿಗಳನ್ನು ಒಲಿಸುವಾಗ ಮಾತ್ರ ವಿಸ್ಡಮ್. ಸುಳ್ಳು ಪತ್ತೆ ಹಚ್ಚುವ ಇನ್‌ಸೈಟ್ ಸರ್ಚ್‌ನ ಅಡಿ ಬರುತ್ತದೆ, ಇನ್ವೆಸ್ಟಿಗೇಷನ್ ಸ್ಟಡಿಯ ಅಡಿ. ಹಾಗಾಗಿ ಕೋಣೆ ಹುಡುಕುವಾಗ ಕಣ್ಣು ಕಿವಿಗೆ ಬಿದ್ದದ್ದನ್ನು ಗಮನಿಸುವ ಪರ್ಸೆಪ್ಷನ್ನೋ, ಸುಳಿವು ಜೋಡಿಸುವ ಇನ್ವೆಸ್ಟಿಗೇಷನ್ನೋ ಎಂಬ ಹಳೆಯ ಜಗಳ ಮುಕ್ಕಾಲು ಪಾಲು ಮುಗಿಯುತ್ತದೆ.

ಇನ್‌ಫ್ಲುಯೆನ್ಸ್ ನಿಯಮವಂತೂ ಈ ಪುಸ್ತಕದಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು. ಆಟಗಾರ ಮೊದಲು ಮಾತಾಡಬೇಕು ಅಥವಾ ಏನು ಹೇಳುತ್ತೇನೆಂದು ವಿವರಿಸಬೇಕು. ಎದುರಿನವನಿಗೆ ಆ ಬೇಡಿಕೆ ಒಪ್ಪಿಗೆಯಾದರೆ ದಾಳವೇ ಬೇಡ, ಸುತರಾಂ ಒಪ್ಪದಿದ್ದರೂ ದಾಳ ಬೇಡ. ಹಿಂದೆಮುಂದೆ ನೋಡುತ್ತಿದ್ದರೆ ಮಾತ್ರ ದಾಳ. ದಾಳದ ಅಂಕ ಮತ್ತು ಮಾಡಿಫೈಯರ್ ಕೂಡಿ ಮುಟ್ಟಬೇಕಾದ ಗುರಿ 15, ಅಥವಾ ಎದುರಿನವನ ಇಂಟೆಲಿಜೆನ್ಸ್ ಸ್ಕೋರ್, ಎರಡರಲ್ಲಿ ಯಾವುದು ಹೆಚ್ಚೋ ಅದು. ಸೋತರೆ ಅದೇ ರೀತಿ ಮತ್ತೆ ಕೇಳಲು ಸಾಮಾನ್ಯವಾಗಿ 24 ಗಂಟೆ ಕಾಯಬೇಕು, ಡಂಜನ್ ಮಾಸ್ಟರ್ ಬೇರೆ ಗಡುವನ್ನೂ ಇಡಬಹುದು.

ಇದರಿಂದ ಸಿಗುವ ಲಾಭ ಸಣ್ಣದಲ್ಲ. ಮಾತಿನ ಮಲ್ಲ ಆಟಗಾರನೊಬ್ಬ ಕರಿಸ್ಮಾ 8ರ ಪಾತ್ರ ಹಿಡಿದು ಅದ್ಭುತ ಭಾಷಣ ಮಾಡಿ, ದಾಳವಿಲ್ಲದೆ ಗೆದ್ದುಬಿಡುವುದು ಎಲ್ಲ ಮೇಜುಗಳಲ್ಲೂ ನಡೆಯುವ ಅನ್ಯಾಯ. ಕರಿಸ್ಮಾ 16 ಇಟ್ಟುಕೊಂಡ ನಾಚಿಕೆಯ ಆಟಗಾರ ಬಾಯಿ ಬಿಡದೆ ಸೋಲುವುದು ಅದರ ಇನ್ನೊಂದು ಮುಖ. ಇಲ್ಲಿ ಮಾತಿನ ಹುರುಳು ಬೇರೆ, ಹೇಳಿದ ರೀತಿ ಬೇರೆ. ಹುರುಳು ಏನು ಬೇಡಿಕೆ ಇಟ್ಟಿರಿ ಎಂಬುದನ್ನು ತೀರ್ಮಾನಿಸುತ್ತದೆ, ಅದು ಆಟಗಾರನದು. ರೀತಿಯನ್ನು ದಾಳ ತೀರ್ಮಾನಿಸುತ್ತದೆ, ಅದು ಪಾತ್ರದ್ದು. ಗುರಿ 15 ಇದ್ದಾಗ, ಪ್ರಾವೀಣ್ಯದ ಅಂಕ (ಕಲಿತ ಕೌಶಲಕ್ಕೆ ಸಿಗುವ ಹೆಚ್ಚುವರಿ) ಬಿಟ್ಟು ಲೆಕ್ಕ ಹಾಕಿದರೆ, ಕರಿಸ್ಮಾ 16ಕ್ಕೆ ನೂರಕ್ಕೆ 45, ಕರಿಸ್ಮಾ 8ಕ್ಕೆ ನೂರಕ್ಕೆ 25. ಭಾಷಣ ಎಷ್ಟೇ ಚೆನ್ನಾಗಿರಲಿ, ದಾಳ ಬಿದ್ದ ಮೇಲೆ ಆಟಗಾರ ಒಂದು ವಾಕ್ಯ ಸೇರಿಸಲಿ: ಪಾತ್ರ ಎಲ್ಲಿ ಎಡವಿತು, ಯಾವ ಪದ ಎದುರಿನವನಿಗೆ ಚುಚ್ಚಿತು.

ಒಂದು ತಕರಾರು ಇದೆ. ಒಲಿಸಲಿಕ್ಕೆ, ಹೆದರಿಸಲಿಕ್ಕೆ, ಸುಳ್ಳು ನಂಬಿಸಲಿಕ್ಕೆ ಎಲ್ಲಕ್ಕೂ ಗುರಿಯನ್ನು ಇಂಟೆಲಿಜೆನ್ಸ್‌ನಿಂದ ಅಳೆಯುವುದು ಸರಿಯಲ್ಲ. ಇದೇ ಪುಸ್ತಕ ಸುಳ್ಳು ಹಿಡಿಯುವ ಶಕ್ತಿಯನ್ನು ವಿಸ್ಡಮ್‌ಗೆ ಕೊಟ್ಟಿದೆ. ಇಂಟೆಲಿಜೆನ್ಸ್ 19, ವಿಸ್ಡಮ್ 8 ಇರುವ ಪಂಡಿತನನ್ನು ಮುಖಸ್ತುತಿಯಿಂದ ಬೀಳಿಸುವುದು ಸುಲಭವಾಗಬೇಕು. ನಿಯಮದ ಪ್ರಕಾರ ಗುರಿ 19. ಸುಳ್ಳಿಗೆ ವಿಸ್ಡಮ್ ಸ್ಕೋರ್ ಬಳಸುವಂತೆ ನಿಮ್ಮ ಮೇಜಿನಲ್ಲಿ ಬದಲಿಸಿಕೊಳ್ಳಿ, ಬೇರೇನೂ ಕೆಡುವುದಿಲ್ಲ.

ಇನ್ನು ಪುಸ್ತಕ ಪೂರ್ತಿ ಕೈಬಿಟ್ಟಿರುವ ವಿಷಯ: ಪಾತ್ರ ಆಟಗಾರನಿಗಿಂತ ಜಾಣನಾಗಿದ್ದರೆ? ಇಂಟೆಲಿಜೆನ್ಸ್ 18ರ ವಿಝರ್ಡ್ ಒಗಟಿನ ಮುಂದೆ ಪೆಚ್ಚಾಗಿ ನಿಂತರೆ ಅದು ಪಾತ್ರಕ್ಕೆ ಮಾಡಿದ ಮೋಸ. ಕೆಲಸ ಮಾಡುವ ದಾರಿಗಳಿವೆ. ಆ ಆಟಗಾರ ಮಾತ್ರ ಉಳಿದವರನ್ನು ಕೇಳಿ ನಿರ್ಧರಿಸಬಹುದು, ಉತ್ತರ ಯಾರೇ ಹೇಳಿದರೂ ಅದು ವಿಝರ್ಡ್‌ಗೆ ಹೊಳೆದದ್ದು ಎಂದಾಗಲಿ. ಸ್ಟಡಿ ಗೆದ್ದರೆ ಡಂಜನ್ ಮಾಸ್ಟರ್ ಉತ್ತರವನ್ನಲ್ಲ, ತಪ್ಪು ದಾರಿಯೊಂದನ್ನು ತೆಗೆದುಹಾಕಲಿ. ವಿಸ್ಡಮ್ ಹೆಚ್ಚಿರುವವನಿಗೆ ಬೇರೆ ಸೌಲಭ್ಯ: ಅಪಾಯದ ಕೆಲಸಕ್ಕೆ ಕೈಹಾಕುವ ಮುಂಚೆ “ಇದು ಸರಿ ಕಾಣ್ತಿಲ್ಲ ಅಂತ ನಿನಗೆ ಅನ್ನಿಸ್ತಿದೆ” ಎಂದು ಒಂದು ಎಚ್ಚರಿಕೆ. ಒಂದು ಸೆಷನ್‌ಗೆ ಒಂದು ಸಾಕು, ಹೆಚ್ಚಾದರೆ ಆಟವನ್ನು ಡಂಜನ್ ಮಾಸ್ಟರೇ ಆಡಿದಂತಾಗುತ್ತದೆ.

ಕಡಿಮೆ ವಿಸ್ಡಮ್ ಆಡುವವರಿಗೆ ಒಂದು ಮಾತು. ದುಡುಕು ನಿಮ್ಮ ಪಾತ್ರದ ಚರ್ಮಕ್ಕೆ ಬರಲಿ, ಜೊತೆಗಾರರ ಜೀವಕ್ಕೆ ಬೇಡ. ಮಲಗಿದ ಡ್ರ್ಯಾಗನ್ ಮೇಲೆ ಕಲ್ಲೆಸೆದು “ನನ್ನ ವಿಸ್ಡಮ್ 8 ಅಲ್ವಾ” ಅನ್ನುವುದು ಪಾತ್ರಾಭಿನಯ ಅಲ್ಲ. ಅಪರಿಚಿತನ ಮಾತನ್ನು ನಂಬಿ ತನ್ನದೇ ಹಣ ಕೊಟ್ಟು ಬರುವುದು, ಕಾವಲಿಗೆ ಕೂತಾಗ ನಕ್ಷತ್ರ ನೋಡುತ್ತ ಮೈಮರೆಯುವುದು, ಇವು ಪಾತ್ರಾಭಿನಯ.

ಕೊಳ್ಳಬೇಕೇ? 2014ರ ಪುಸ್ತಕ ಇದ್ದು, ಮಾನಸಿಕ ಸ್ಕೋರ್‌ಗಳ ಸಲುವಾಗಿ ಮಾತ್ರ ಹೊಸದು ಬೇಕೆನ್ನುವವರು ಆತುರಪಡಬೇಕಿಲ್ಲ. ಸ್ಟಡಿ, ಸರ್ಚ್, ಇನ್‌ಫ್ಲುಯೆನ್ಸ್ ನಿಯಮಗಳು 2025ರಲ್ಲಿ ಉಚಿತವಾಗಿ ಬಿಡುಗಡೆಯಾದ ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.2 ಎಂಬ ನಿಯಮ ಸಂಗ್ರಹದಲ್ಲೇ ಸಿಗುತ್ತವೆ. ಹೊಸದಾಗಿ ಆಟ ಕಲಿಯುವವರು ಧಾರಾಳವಾಗಿ ಕೊಳ್ಳಬಹುದು. ಗುಣಗಳ ಕೋಷ್ಟಕ ಅವರಿಗೆ ಒಳ್ಳೆಯ ಆರಂಭ. ಆರಿಸಿದ ಗುಣದ ಕೆಳಗೆ ಮೂರು ಸಾಲು ಬರೆದಿಟ್ಟುಕೊಳ್ಳಿ: ನನ್ನ ಪಾತ್ರಕ್ಕೆ ಯಾವುದು ಗೊತ್ತಿರುವುದಿಲ್ಲ, ಯಾವುದು ಕಣ್ಣಿಗೆ ಬೀಳುವುದಿಲ್ಲ, ಅದರ ಮಾತು ಕೇಳಿದವರಿಗೆ ಹೇಗೆ ತಟ್ಟುತ್ತದೆ. ಸ್ಕೋರ್ ಏರಿದಾಗ ಆ ಸಾಲನ್ನೂ ತಿದ್ದಿ.