ಹಾಫಾ, ಫುಲ್ಲಾ? ನಲವತ್ತರ ಹತ್ತಿರ ಟ್ರಯಥ್ಲಾನ್

ಹುಬ್ಬಳ್ಳಿಯಲ್ಲಿ ಕೆಲಸ, ಮನೆಯಲ್ಲಿ ಸಣ್ಣ ಮಕ್ಕಳು. ಟ್ರಯಥ್ಲಾನ್‌ನಲ್ಲಿ, ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ರೇಸ್‌ನಲ್ಲಿ, ಹಾಫ್ ಮಾಡಲೋ, ನೇರ ಫುಲ್‌ಗೇ ಇಳಿಯಲೋ ಅಂತ ಕೇಳಿದ್ದೀರಿ. ಹಾಫ್ ಅಂದರೆ 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಫುಲ್‌ನಲ್ಲಿ ಎಲ್ಲವೂ ಡಬಲ್.

ದುಡ್ಡಿನ ಮಾತು ಬೇಗ ಮುಗಿಯುತ್ತೆ. ಸೈಕಲ್, ಹೆಲ್ಮೆಟ್, ಶೂ ಎರಡಕ್ಕೂ ಅವೇ. ಪ್ರಯಾಣದಲ್ಲಿ ಹಾಫ್ ಅಗ್ಗ, ಪಕ್ಕದ ಗೋವಾದಲ್ಲೇ 70.3 ರೇಸ್ (ಹಾಫ್‌ಗೇ ಇನ್ನೊಂದು ಹೆಸರು, ಒಟ್ಟು ದೂರ ಮೈಲಿಯಲ್ಲಿ) ನಡೆಸಿದ್ದಾರೆ.

ನಿಜವಾದ ಖರ್ಚು ನಿಮ್ಮ ಭಾನುವಾರದ್ದು. ಅಭ್ಯಾಸಕ್ಕೆ ಅಂತ ನಸುಕಿನಲ್ಲಿ ಸೈಕಲ್ ಹತ್ತಿ ಗದಗಕ್ಕೆ ಹೋಗಿ ಬಂದರೆ ಹಾಫ್‌ನ ಸೈಕಲ್ ದೂರ ದಾಟಿಯೇ ಬಿಡುತ್ತೆ. ಹತ್ತು-ಹನ್ನೊಂದಕ್ಕೆ ಮನೆ ಸೇರಿ ನಾಷ್ಟಾ ಮಾಡಬಹುದು. ಫುಲ್‌ನ 180ಕ್ಕೆ ಅದೂ ಸಾಲಲ್ಲ. ಅಷ್ಟೊತ್ತಿಗೆ ಬಿಸಿಲು ಏರಿರುತ್ತೆ. ಗಾಳಿಯೂ ಇದೆ, ಗದಗ ಸೀಮೆಯಲ್ಲಿ ಅಷ್ಟೊಂದು ಗಾಳಿಯಂತ್ರಗಳನ್ನ ಸುಮ್ನೆ ನಿಲ್ಲಿಸಿಲ್ಲ ಅಲ್ವಾ! ಎದುರುಗಾಳಿಯಲ್ಲಿ ಸೈಕಲ್ ತುಳಿದು, ಮರುದಿನ ಆಫೀಸಲ್ಲಿ ತೂಕಡಿಸಬೇಕು.

ಈಜು ಬರದಿದ್ದರೆ ಸದ್ಯ ಫುಲ್ ಮರೆತುಬಿಡಿ. ಮೊದಲು ಕೊಳ, ಆಮೇಲೆ ಸಮುದ್ರ.

ವರ್ಷ ವರ್ಷ ಮಾಡುತ್ತಾ ಹೋಗುವ ಆಸೆಯಿದ್ದರೆ ಹಾಫ್ ಸಂಸಾರಕ್ಕೂ ಒಗ್ಗುತ್ತೆ. ಈಗಾಗಲೇ ಮ್ಯಾರಥಾನ್ ಓಡಿದ್ದು, ಈಜು ಪಕ್ಕಾ ಇದ್ದು, ಮನೆಯವರೂ ಒಂದು ವರ್ಷದ ಭಾನುವಾರಗಳನ್ನ ಬಿಟ್ಟುಕೊಟ್ಟರೆ ಫುಲ್‌ಗೆ ಧೈರ್ಯವಾಗಿ ಹೆಸರು ಕೊಡಿ.