ತಾಯಂದಿರ ಸೆಪ್ಸಿಸ್: ಅಂಕಪಟ್ಟಿಯೋ, ಸಿಸ್ಟಮ್ಸ್ ಬಯಾಲಜಿಯೋ?

ಸೋಂಕಿಗೆ ದೇಹದ ಪ್ರತಿಕ್ರಿಯೆ ಹಳಿತಪ್ಪಿ ಅಂಗಾಂಗಗಳಿಗೇ ಹಾನಿಯಾಗುವ ಸ್ಥಿತಿ ಸೆಪ್ಸಿಸ್. ಗರ್ಭಿಣಿ, ಬಾಣಂತಿಯರಲ್ಲಿ ಅದನ್ನು ಅರಿಯಲು ಕೆಲವು ಲಕ್ಷಣಗಳಿಗೆ ಅಂಕ ಕೊಡುವ ಪಟ್ಟಿ ಸಾಕೇ, ಸಿಸ್ಟಮ್ಸ್ ಬಯಾಲಜಿ ಬೇಕೇ ಎಂಬುದು ಪ್ರಶ್ನೆ. ಅಂಕಪಟ್ಟಿ ಸರಳ. ಕ್ಯೂಸೋಫಾ ಎಂಬ ಅಂಕಪಟ್ಟಿಯಲ್ಲಿ ಸಂಕೋಚನ ರಕ್ತದೊತ್ತಡದ (ಮೇಲಿನ ಅಂಕಿಯ) ಗಡಿ 100; ಅಷ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಅಪಾಯದ ಸೂಚನೆ. ಗರ್ಭಿಣಿಯರಿಗೆಂದು ತಿದ್ದಿದ ಆವೃತ್ತಿಯಲ್ಲಿ 90. ಈ ಆವೃತ್ತಿಯಲ್ಲಿ ಉಸಿರಾಟ ನಿಮಿಷಕ್ಕೆ 25 ಅಥವಾ ಹೆಚ್ಚು, ಅರಿವಿನಲ್ಲಿ ಏರುಪೇರು ಎಂಬ ಇನ್ನೆರಡನ್ನು ನೋಡಿದರೆ ಮುಗಿಯಿತು.

ತೊಡಕೆಂದರೆ, ಗರ್ಭಾವಸ್ಥೆಯಲ್ಲಿ ನಾಡಿಬಡಿತ, ಬಿಳಿ ರಕ್ತಕಣಗಳು ಸಹಜವಾಗಿಯೇ ಏರುತ್ತವೆ. ಹೆರಿಗೆ ನೋವಿನ ವೇಳೆ, ಸೆಪ್ಸಿಸ್‌ನ ತೀವ್ರತೆ ತಿಳಿಯಲು ರಕ್ತದಲ್ಲಿ ಅಳೆಯುವ ಲ್ಯಾಕ್ಟೇಟ್ ಕೂಡ. ಒಂಟಿ ಸಂಖ್ಯೆಯನ್ನು ಪೂರ್ತಿ ನಂಬುವಂತಿಲ್ಲ. ಸಿಸ್ಟಮ್ಸ್ ಬಯಾಲಜಿಗೆ ಬೆಲೆ ಬರುವುದು ಇಲ್ಲಿಯೇ. ಜೀನ್‌ಗಳ ಚಟುವಟಿಕೆ, ಪ್ರೋಟೀನ್, ಚಯಾಪಚಯ ವಸ್ತುಗಳನ್ನು ಒಟ್ಟಿಗೆ ಅಳೆದು ಅವುಗಳ ನಡುವಿನ ಜಾಲವನ್ನು ಅದು ಓದುತ್ತದೆ. ಸೆಪ್ಸಿಸ್ ರೋಗಿಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಕುಗ್ಗಿದ ಗುಂಪೊಂದನ್ನು ಜೀನ್ ಚಟುವಟಿಕೆಯಿಂದಲೇ ಬೇರ್ಪಡಿಸಲು ಸಾಧ್ಯವಾಗಿದೆ. ಯಾರಿಗೆ ಯಾವ ಔಷಧ ಹಿತ ಎಂಬ ಪ್ರಶ್ನೆಗೆ ಉತ್ತರ ಸಿಗುವುದಾದರೆ ಈ ದಾರಿಯಲ್ಲೇ ಎಂದು ನನ್ನ ಅನಿಸಿಕೆ. ಆದರೆ ಗರ್ಭಿಣಿಯರಲ್ಲದವರಿಂದ ಪಡೆದ ವಿಂಗಡಣೆಯನ್ನು ಪರೀಕ್ಷಿಸದೆ ಬಾಣಂತಿಗೆ ಅನ್ವಯಿಸುವುದು ದುಡುಕು.

ವಾರ್ಡಿಗಾದರೆ ಅಂಕಪಟ್ಟಿಯೇ ಸರಿ, ಜೊತೆಗೆ ವೈದ್ಯರ ಕಣ್ಣು. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿಯುವ ಸೆಪ್ಟಿಕ್ ಆಘಾತದಲ್ಲಿ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಜೀನ್ ಚಟುವಟಿಕೆ ತಿಳಿಸುವ ಆರ್‌ಎನ್‌ಎ ವರದಿಗೆ ಕಾಯುತ್ತ ಕೂರಲಾಗದು. ಸಂಶೋಧನೆಗೆ ಸಿಸ್ಟಮ್ಸ್ ಬಯಾಲಜಿಯನ್ನು ಆರಿಸಿ, ಅದೂ ಪ್ರತಿ ತಾಯಿಯ ರಕ್ತವನ್ನು ಹೆರಿಗೆಗೆ ಮುಂಚೆ ಮತ್ತು ನಂತರ ಹಲವು ಬಾರಿ ಪಡೆದು ಕಾಪಿಡುವ ಸೌಲಭ್ಯವಿದ್ದರೆ ಮಾತ್ರ.