‘ಪವರ್ ಸೇವರ್’ ಕೆಟಲ್ ತಗೊಳ್ಳುವ ಮೊದಲು ಇದನ್ನು ಓದಿ

ಮಂಗಳೂರಿಗೆ ಆಸ್ಪತ್ರೆಗೋ ಮದುವೆ ಜವಳಿಗೋ ಹೋದವರು ಬರುವಾಗ ಒಂದು ಅಗ್ಗದ ಕೆಟಲ್ ಹಿಡಿದುಕೊಂಡು ಬರುವ ಅಂದಾಜಿನಲ್ಲಿದ್ದರೆ ಇದನ್ನು ಓದಿಯೇ ಹೋಗಿ. ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರಿಗಂತೂ ಇದು ಎರಡು ಪಟ್ಟು ತಲೆನೋವು.

ಅತ್ತೆಗೆ ರಾತ್ರಿ ಮಾತ್ರೆ ನುಂಗಲು ಬಿಸಿನೀರು ಬೇಕು. ಪ್ರತಿ ಸಲ ಗ್ಯಾಸ್ ಹಚ್ಚುವುದು ಬೇಡ ಅಂತ ಕೆಟಲ್ ಹುಡುಕಿದ್ದು. ಅಂಗಡಿಯ ಹುಡುಗ 800 ವ್ಯಾಟಿನ ಸ್ಟೀಲ್ ಕೆಟಲ್ ಒಂದನ್ನು ತೆಗೆದು ಮುಂದಿಟ್ಟ. ಡಬ್ಬದ ಮೇಲೆ ಹಸಿರು ಎಲೆಯ ಚಿತ್ರ, ‘ಪವರ್ ಸೇವರ್’ ಅಂತ ದಪ್ಪ ಅಕ್ಷರ. "ಬೇರೆ ಎಲ್ಲ 1500 ವ್ಯಾಟಿದ್ದು ಅಕ್ಕಾ, ಮೀಟರ್ ಓಡ್ತದೆ. ಇದಕ್ಕೆ ಅರ್ಧ ಕರೆಂಟ್ ಸಾಕು" ಅಂದ. 549 ರೂಪಾಯಿ. ಬಿಲ್ ಕೊಟ್ಟ, ಒಂದು ವರ್ಷದ ವಾರಂಟಿ ಕಾರ್ಡಿಗೆ ಸೀಲನ್ನೂ ಒತ್ತಿದ.

ಈ ಅರ್ಧ ಕರೆಂಟಿನ ಮಾತು ಶುದ್ಧ ಸುಳ್ಳು. ಒಂದು ಲೀಟರ್ ನೀರನ್ನು ನಮ್ಮ ಊರಿನ ಸಾಧಾರಣ ಬಿಸಿಯಿಂದ ಕುದಿಯುವಲ್ಲಿಯವರೆಗೆ ತರಲು ಸುಮಾರು 0.085 ಯೂನಿಟ್ ಬೇಕೇ ಬೇಕು. ವ್ಯಾಟ್ ಕಡಿಮೆಯಾದರೆ ಕಾಯಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಸಪೂರ ಪೈಪಿನಲ್ಲಿ ಬಿಟ್ಟ ಮಾತ್ರಕ್ಕೆ ಟ್ಯಾಂಕಿಗೆ ಹಿಡಿಯುವ ನೀರು ಕಡಿಮೆ ಆಗುತ್ತದಾ? ಅದರ ಮೇಲೆ, ಹೊತ್ತು ಎಳೆದಷ್ಟೂ ಪಾತ್ರೆಯ ಮೈಯಿಂದ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ. ಅದನ್ನೂ ನಾವೇ ತುಂಬಬೇಕು.

ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಮೀಟರ್ ಕೇಳಿ. ಅದರಲ್ಲಿ ಒಂದು ಪುಟ್ಟ ಕೆಂಪು ಲೈಟ್ ಮಿನುಗುತ್ತಿರುತ್ತದೆ. ಯೂನಿಟ್‌ಗೆ ಎಷ್ಟು ಮಿನುಗು ಅಂತ ಮೀಟರಿನ ಮೇಲೆಯೇ ಬರೆದಿರುತ್ತದೆ. ನಮ್ಮದರಲ್ಲಿ 3200. ಫ್ರಿಡ್ಜ್, ಫ್ಯಾನ್ ಎಲ್ಲ ಆಫ್ ಮಾಡಿ ಒಂದು ಲೀಟರ್ ಕುದಿಸಿದಾಗ ಈ ಪವರ್ ಸೇವರ್ 340ರ ಹತ್ತಿರ ಮಿನುಗಿಸಿತು. ಪಕ್ಕದ ಮನೆಯಿಂದ ತಂದ 1500 ವ್ಯಾಟಿನ ಕೆಟಲ್ 310ರ ಆಸುಪಾಸಿನಲ್ಲಿ ಮುಗಿಸಿತು. ಎರಡೂ ಸುಮಾರು 0.1 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಅಂತ ಹಿಡಿದರೂ ಲೀಟರಿಗೆ 60 ಪೈಸೆ. ಇಷ್ಟರಲ್ಲಿ ಅರ್ಧ ಉಳಿಸಿ ಕೊಡುತ್ತೇನೆ ಅಂತ ಹೇಳಲು ಅದೆಷ್ಟು ಧೈರ್ಯ ನೋಡಿ!

ಸಂಜೆ ಹೊತ್ತು ಇನ್ನೂ ಚಂದ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ 800 ವ್ಯಾಟಿನ ಕೆಟಲ್ 500 ವ್ಯಾಟಿನಷ್ಟೂ ಕೆಲಸ ಮಾಡುವುದಿಲ್ಲ. ಅತ್ತೆ ಕಾದು ಕಾದು ಕೊನೆಗೆ ಗ್ಯಾಸೇ ಹಚ್ಚುತ್ತಿದ್ದರು.

ನಿಧಾನವನ್ನಾದರೂ ಸಹಿಸಬಹುದಿತ್ತು. ಮಳೆಗಾಲ ಶುರುವಾದ ಮೇಲೆ ಕೆಟಲಿನ ಮೈ ಮುಟ್ಟಿದರೆ ಚುಳ್ ಅನ್ನಲು ಶುರುವಾಯಿತು. ನೆಲ ಒದ್ದೆ ಇದ್ದರೆ ಜಾಸ್ತಿ. ಅಷ್ಟರಲ್ಲಿ ಮುಚ್ಚಳದ ಒಳಗಿನ ಸ್ಕ್ರೂ ಸುತ್ತ ತುಕ್ಕೂ ಹಿಡಿದಿತ್ತು. ಅಂಗಡಿಗೆ ತೆಗೆದುಕೊಂಡು ಹೋದರೆ, "ನಿಮ್ಮ ಬಾವಿ ನೀರಿನಲ್ಲಿ ಕಬ್ಬಿಣ ಉಂಟು ಅಕ್ಕಾ, ಅದಕ್ಕೆ ತುಕ್ಕು" ಅಂದ. ಇರಬಹುದು, ನಮ್ಮದು ಮುರಕಲ್ಲಿನ ನೆಲ. ಆದರೆ ಮುಚ್ಚಳಕ್ಕೆ ತಾಗುವುದು ಆವಿ ಮಾತ್ರ. ಆವಿಯ ಜೊತೆ ಕಬ್ಬಿಣ ಮೇಲೆ ಹೋಗುವುದಿಲ್ಲ. ಸ್ಕ್ರೂ ಕಳಪೆ, ಮತ್ತೇನಲ್ಲ. ಶಾಕಿನ ವಿಷಯಕ್ಕೆ ಅವನಲ್ಲಿ ಉತ್ತರವೇ ಇರಲಿಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಅಂತ ಕಾರ್ಡ್ ತೋರಿಸಿದ.

ಗಡಿಯವರ ತಲೆನೋವು ಶುರುವಾಗುವುದೇ ಇಲ್ಲಿ. ಫೋನ್ ಎತ್ತಿದವರು ಮೊದಲು ಕೇಳಿದ್ದು ಪಿನ್ ಕೋಡ್. 671 ಅಂದ ಕೂಡಲೇ "ನೀವು ಕೇರಳ, ಕಣ್ಣೂರಿನ ಸೆಂಟರಿಗೆ ಹೋಗಿ" ಅಂದರು. ಮಂಗಳೂರಿನಲ್ಲಿಯೂ ಅವರ ಸೆಂಟರ್ ಇದೆ, ನಮಗೆ ಅದೇ ಹತ್ತಿರ ಅಂದರೆ ಕಂಪ್ಯೂಟರ್ ಒಪ್ಪುವುದಿಲ್ಲವಂತೆ. ಕಣ್ಣೂರಿಗೆ ಫೋನ್ ಹಚ್ಚಿದರೆ ಅವರು ಬಿಲ್ ಎಲ್ಲಿಯದ್ದು ಅಂತ ಕೇಳಿದರು. ಮಂಗಳೂರಿನದ್ದು ಅಂದೆ. ಹಾಗಾದರೆ ಕರ್ನಾಟಕದಲ್ಲೇ ಕೊಡಿ ಅಂದರು! 549 ರೂಪಾಯಿಯ ಕೆಟಲ್ ಯಾವ ರಾಜ್ಯಕ್ಕೂ ಬೇಡವಾಯಿತು.

ಕೊನೆಗೆ ನಮ್ಮ ಊರಿನ ಎಲೆಕ್ಟ್ರಿಷಿಯನ್ ಬಂದು ನೋಡಿದರು. ಪ್ಲಗ್ಗಿನ ದಪ್ಪ ಪಿನ್ನಿಗೂ ಕೆಟಲಿನ ಸ್ಟೀಲಿಗೂ ಮಲ್ಟಿಮೀಟರ್ ಹಿಡಿದರೆ ಸಂಪರ್ಕವೇ ಇಲ್ಲ. ವೈರನ್ನು ಅಡ್ಡ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಒಳಗೆ ಎರಡೇ ತಂತಿ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಅರ್ಥ್ ತಂತಿ ಇಲ್ಲವೇ ಇಲ್ಲ. ಪ್ಲಗ್ಗಿಗೆ ಮೂರು ಪಿನ್, ಅದರಲ್ಲಿ ಅರ್ಥ್ ಪಿನ್ ಸುಮ್ನೆ ಶೋಕಿಗೆ. "ಕರೆಂಟ್ ಸೋರಿದರೆ ಕಟ್ ಮಾಡುವ ಇಎಲ್‌ಸಿಬಿ ಉಂಟಲ್ಲ" ಅಂದೆ. "ಉಂಟು ಅಕ್ಕಾ, ಆದ್ರೆ ಅರ್ಥ್ ಇಲ್ಲದಿದ್ರೆ ಕರೆಂಟ್ ಹೋಗ್ಲಿಕ್ಕೆ ದಾರಿ ನಿಮ್ಮ ಮೈಯೇ. ನಿಮ್ಗೆ ಹೊಡೆದ ಮೇಲೆ ಅದು ಟ್ರಿಪ್ ಆಗುದು" ಅಂದರು.

ಹಾಗಾಗಿ ಸ್ಟೀಲ್ ಕೆಟಲ್ ತಗೊಳ್ಳುವವರು ಅಂಗಡಿಯಲ್ಲೇ ಈ ಅರ್ಥ್ ಪರೀಕ್ಷೆ ಮಾಡಿಸಿ. ಮಲ್ಟಿಮೀಟರ್ ಇಲ್ಲದ ಎಲೆಕ್ಟ್ರಿಕಲ್ ಅಂಗಡಿ ಎಲ್ಲಿದೆ? ಮಾಡಿ ತೋರಿಸಲು ಹಿಂದೆ ಮುಂದೆ ನೋಡಿದರೆ ಎದ್ದು ಬನ್ನಿ. ಐಎಸ್ಐ ಗುರುತು ಇದ್ದರೆ ಅದರ ಕೆಳಗೆ ಸಿಎಂ/ಎಲ್ ಅಂತ ಒಂದು ನಂಬರ್ ಇರುತ್ತದೆ. ಈ ಗುರುತು ಕೊಡುವ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದ್ದು, ಯಾವ ಸಾಮಾನಿನದ್ದು ಅಂತ ಬರುತ್ತದೆ. ನೀರು ಹಾಕಿ ಒಮ್ಮೆ ಕುದಿಸಿ ತೋರಿಸಲೂ ಹೇಳಿ. ಆವಿ ಸ್ವಿಚ್ಚಿನ ಹತ್ತಿರದ ಲೋಹದ ಪಟ್ಟಿಗೆ ತಾಗಿದರೆ ಮಾತ್ರ ಆಟೋ ಕಟ್ ಆಗುವುದು. ಮುಚ್ಚಳ ಸಡಿಲ ಇದ್ದರೆ ಆವಿ ಮೇಲಿಂದಲೇ ಹೋಗಿಬಿಡುತ್ತದೆ, ಕೆಟಲ್ ಕುದಿಯುತ್ತಲೇ ಇರುತ್ತದೆ. ಮ್ಯಾಗ್ನೆಟ್ ಹಿಡಿದು ಸ್ಟೀಲ್ ಪರೀಕ್ಷೆ ಮಾಡುವವರಿದ್ದಾರೆ, ಅದರಿಂದ ಪ್ರಯೋಜನ ಇಲ್ಲ. 304 ದರ್ಜೆಯ ಸ್ಟೀಲ್ ಇರಲಿ, ಅಗ್ಗದ 201 ದರ್ಜೆಯದ್ದಿರಲಿ, ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ.

ಕರೆಂಟ್ ನಿಜವಾಗಿ ಉಳಿಯಬೇಕಾದರೆ ಒಳಗಿನ ‘ಮಿನ್’ ಗೆರೆ ನೋಡಿ. ಅದು ಅರ್ಧ ಲೀಟರಿನಲ್ಲಿದ್ದರೆ ಒಂದು ಲೋಟಕ್ಕೂ ಅರ್ಧ ಲೀಟರ್ ಕುದಿಸಬೇಕು. ಕಾಲು ಲೀಟರಿನಲ್ಲಿದ್ದರೆ ಖರ್ಚು ಅಲ್ಲೇ ಅರ್ಧ ಆಯಿತು. ದಿನಕ್ಕೆ ನಾಲ್ಕು ಸಲ ಬೇಕಾಗುವ ಮನೆಯಾದರೆ ಒಮ್ಮೆ ಕುದಿಸಿ ಫ್ಲಾಸ್ಕಿಗೆ ಹಾಕಿಡಿ.

ನಾವು ಈಗ ಕಾಸರಗೋಡು ಪೇಟೆಯಲ್ಲೇ ಒಂದು ಲೀಟರಿನ, 1500 ವ್ಯಾಟಿನ ಕೆಟಲ್ ತಂದಿದ್ದೇವೆ. 850 ರೂಪಾಯಿ ಆಯಿತು. ಅರ್ಥ್ ನೋಡಿಸಿಯೇ ತಂದದ್ದು. ಅದು ಆರೂವರೆ ಆಂಪ್ ಎಳೆಯುತ್ತದೆ. ಮಿಕ್ಸಿಯ ಸಣ್ಣ ಪಾಯಿಂಟಿಗಾಗಲಿ ಎಕ್ಸ್‌ಟೆನ್ಶನ್ ಬಾಕ್ಸಿಗಾಗಲಿ ಹಾಕದೆ 16 ಆಂಪಿನ ಪಾಯಿಂಟಿಗೆ ಹಾಕಿದ್ದೇವೆ.

ಹಳೆಯದರ ಬಗ್ಗೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಾಗಿದೆ. ಮಂಗಳೂರಿನಲ್ಲಿ ತಗೊಂಡದ್ದಕ್ಕೆ ಅಲ್ಲಿಗೇ ಹೋಗಬೇಕು ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ. 2019ರ ಗ್ರಾಹಕ ರಕ್ಷಣೆ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೇಸ್ ಹಾಕಬಹುದು. ನಮಗೆ ಕಾಸರಗೋಡಿನಲ್ಲೇ ಆಗುತ್ತದೆ. ಐದು ಲಕ್ಷದವರೆಗಿನ ಸಾಮಾನಿಗೆ ಫೀಸ್ ಕೂಡ ಇಲ್ಲ. ಬಿಲ್, ವಾರಂಟಿ ಕಾರ್ಡ್, ಡಬ್ಬ ಮೂರನ್ನೂ ಇಟ್ಟುಕೊಂಡಿದ್ದೇನೆ. ಕತ್ತರಿಸಿದ ವೈರನ್ನೂ.